ಕೈಗೆ ಬರಬೇಕು, ಕೈಕೊಡಬಾರದು!

ಮೈಸೂರಿನಿಂದ ಚಾಮರಾಜನಗರ, ಹಾಸನೂರು, ಸತ್ಯಮಂಗಲದ ಮಾರ್ಗವಾಗಿ ಕೊಯಮತ್ತೂರಿಗೆ ಹೊರಟರೆ ದಿಂಬಂ ಘಟ್ಟ ಇಳಿಯಲೇಬೇಕು. ಒಂದಲ್ಲ, ಎರಡಲ್ಲ, 27 ಹೇರ್‌ಪಿನ್ ತಿರುವುಗಳು! ಚಾಲಕನ ಹಿಂದಿನ ಸೀಟು ಸಿಕ್ಕಿದವರು ಕಾಡಿನ ಜೊತೆಗೆ ಅವನ ಕೈಗಳನ್ನೂ ಗಮನಿಸಬೇಕು. ಬಸ್ಸಿನ ಸ್ಟೀರಿಂಗ್ ಚಕ್ರ ಮೊರಕ್ಕಿಂತ ಅಗಲ. ಅಂಚು ನಡುವಿನಿಂದ ದೂರವಾದಷ್ಟೂ ಕಡಿಮೆ ಬಲದಿಂದ ಹೆಚ್ಚು ಟಾರ್ಕ್ ಸಿಗುತ್ತದೆಂಬ ಪಾಠ ಅಲ್ಲಿ ಪ್ರತಿ ತಿರುವಿನಲ್ಲೂ ನಡೆಯುತ್ತದೆ.

ಘಟ್ಟ ಇಳಿದು ಬಯಲು ದಾಟಿದರೆ ಕೊಯಮತ್ತೂರು. ಹತ್ತಿ ಗಿರಣಿ, ಪಂಪ್‌ಸೆಟ್ಟು, ವೆಟ್ ಗ್ರೈಂಡರುಗಳ ಊರು. ಓಣಿ ಓಣಿಯಲ್ಲೂ ಲೇತಿನ ಸದ್ದು. ಈ ನಗರದ ದಕ್ಷಿಣಕ್ಕಿರುವ ಚೆಟ್ಟಿಪಾಳಯದಲ್ಲಿ 2003ರಲ್ಲಿ ಆರಂಭವಾದ ಕಾರಿ ಮೋಟಾರ್ ಸ್ಪೀಡ್‌ವೇ ಇದೆ. 'ಕಾರಿ' ಎಂದರೆ ನಮ್ಮ ಕಾರಲ್ಲ. ಕಡಿಮೆ ಖರ್ಚಿನ ರೇಸ್ ಕಾರುಗಳನ್ನು ರೂಪಿಸಿ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರಿನ ತುಣುಕು ಅದು. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನರೇನ್ ಕಾರ್ತಿಕೇಯನ್ ಕೂಡ ಇದೇ ಊರಿನವರು.

ಸುಮಾರು 2.1 ಕಿಲೋಮೀಟರ್ ಉದ್ದದ ಈ ಓಟದ ಹಾದಿಯಲ್ಲಿ ವಿದ್ಯಾರ್ಥಿಗಳು ನೋಡಲೇಬೇಕಾದದ್ದು 'ಫಾರ್ಮುಲಾ ಭಾರತ್'. ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ತಾವೇ ಕಟ್ಟಿದ ಒಂಟಿ ಸೀಟಿನ ಕಾರುಗಳನ್ನು ತಂದು ಪರೀಕ್ಷೆಗೆ ಒಡ್ಡುವ ಸ್ಪರ್ಧೆ ಇದು. 2017ರಿಂದ ಹಲವು ವರ್ಷ ಜನವರಿಯಲ್ಲಿ ಇಲ್ಲಿ ನಡೆದಿದೆ. ಬೆಂಗಳೂರು, ಮಣಿಪಾಲದ ತಂಡಗಳೂ ಬಂದಿವೆ. ಓಟಕ್ಕಿಂತ ಮೊದಲು ತಪಾಸಣೆ. ಅಲ್ಲಿಯೇ ಎಷ್ಟೋ ತಂಡಗಳ ಎದೆ ಡವಗುಟ್ಟುವುದು.

ತಪಾಸಣೆಯ ಒಂದು ನಿಯಮ ಕೇಳಿ. ಹೆಲ್ಮೆಟ್, ಕೈಗವಸು, ಬೆಂಕಿ ತಡೆಯುವ ಉಡುಪು ತೊಟ್ಟು, ಪಟ್ಟಿ ಬಿಗಿದುಕೊಂಡು, ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ಕುಳಿತ ಚಾಲಕ 5 ಸೆಕೆಂಡಿನೊಳಗೆ ಹೊರಬಂದು ಎರಡೂ ಪಾದಗಳನ್ನು ನೆಲದ ಮೇಲೆ ಊರಬೇಕು. ಕಾರಿನ ಒಡಲು ಇಕ್ಕಟ್ಟು, ಚಕ್ರ ಎದೆಯ ಹತ್ತಿರವೇ ಇರುತ್ತದೆ. ಅದನ್ನು ಕಳಚದೆ ತೊಡೆ ಮೇಲೇಳುವುದು ಕಷ್ಟ. ಕಾರಿಗೆ ಬೆಂಕಿ ಹತ್ತಿದಾಗ ಈ 5 ಸೆಕೆಂಡೇ ಜೀವ. ಆದ್ದರಿಂದ ಇಂಥ ಕಾರುಗಳಲ್ಲಿ ಸ್ಟೀರಿಂಗ್ ಚಕ್ರಕ್ಕೂ ಅದರ ದಂಡಕ್ಕೂ ನಡುವೆ ಕ್ಷಣದಲ್ಲಿ ಕಳಚುವ ಕೊಂಡಿ ಇರಲೇಬೇಕು. ಅದೇ ಕ್ವಿಕ್ ರಿಲೀಸ್ ಹಬ್.

ಹಳ್ಳಿಯ ಮಕ್ಕಳಿಗೆ ಇದು ಹೊಸದೇನಲ್ಲ. ಟ್ರ್ಯಾಕ್ಟರಿಗೆ ರೋಟವೇಟರ್ ಜೋಡಿಸುವಾಗ ಆರು ಹಲ್ಲಿನ ದಂಡದ ಮೇಲೆ ಕೊಳವೆಯನ್ನು ತೂರಿಸಿ ಬೀಗ ಕೂರಿಸುತ್ತಾರಲ್ಲ, ತತ್ತ್ವ ಅದೇ. ಹಬ್ಬಿನೊಳಗೆ ಗಟ್ಟಿ ಗುಂಡುಗಳಿರುತ್ತವೆ. ಸ್ಪ್ರಿಂಗ್ ಒತ್ತಿದ ಉಂಗುರ ಅವನ್ನು ದಂಡದ ಗಾಡಿಯೊಳಕ್ಕೆ ಅದುಮಿ ಹಿಡಿಯುತ್ತದೆ. ಉಂಗುರವನ್ನು ಎದೆಯತ್ತ ಎಳೆದರೆ ಗುಂಡುಗಳು ಸರಿದು ಚಕ್ರ ಕೈಗೆ ಬರುತ್ತದೆ.

ಸ್ವಾರಸ್ಯ ಇರುವುದು ಇಲ್ಲೇ. ಬೇಕೆಂದಾಗ ತಕ್ಷಣ ಬಿಡಬೇಕು, ಬೇಡವೆಂದಾಗ ಪ್ರಾಣ ಹೋದರೂ ಬಿಡಬಾರದು. ಒಂದೇ ವಸ್ತುವಿನಿಂದ ಎರಡು ವಿರುದ್ಧ ಕೆಲಸ! ಹೊಳಪು, ಬಣ್ಣ ನೋಡಿ ಹಬ್ ಕೊಳ್ಳುವವರು ಮರೆಯುವುದು ಇದನ್ನೇ.

ಸ್ವಲ್ಪ ಲೆಕ್ಕ ಮಾಡೋಣ. ರೇಸ್ ಕಾರಿನ ಚಕ್ರದ ವ್ಯಾಸ 26 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎರಡು ಕೈಗಳೂ 100 ನ್ಯೂಟನ್‌ನಂತೆ ವಿರುದ್ಧ ದಿಕ್ಕಿಗೆ ಎಳೆದರೆ ಟಾರ್ಕ್ 26 ನ್ಯೂಟನ್ ಮೀಟರ್. ಹಬ್ಬಿನ ಹಲ್ಲುಗಳು ನಡುವಿನಿಂದ ಕೇವಲ 1 ಸೆಂಟಿಮೀಟರ್ ದೂರದಲ್ಲಿದ್ದರೆ ಅವು ತಡೆಯಬೇಕಾದ ಬಲ 2,600 ನ್ಯೂಟನ್, ಅಂದರೆ ಸುಮಾರು 265 ಕಿಲೋ ತೂಕ! ಇಷ್ಟನ್ನೂ ಒಂದೇ ಪಿನ್ನು ಹೊತ್ತರೆ ರಂಧ್ರ ಬೇಗ ಸವೆಯುತ್ತದೆ. ಹಲವು ಹಲ್ಲುಗಳು ಹಂಚಿಕೊಂಡರೆ ಬಾಳಿಕೆ ಹೆಚ್ಚು.

ಸವೆದರೆ ಏನಾಗುತ್ತದೆ? ಚಕ್ರ ಅಲುಗಿದರೂ ಗಾಲಿ ಅಲುಗುವುದಿಲ್ಲ. ಈ 'ಆಟ' 1 ಡಿಗ್ರಿ ಇದ್ದರೆ ಚಕ್ರದ ಅಂಚಿನಲ್ಲಿ ಸುಮಾರು 2.3 ಮಿಲಿಮೀಟರ್. ವಿದ್ಯಾರ್ಥಿ ಕಾರುಗಳ ನಿಯಮ ಇಡೀ ಸ್ಟೀರಿಂಗ್ ವ್ಯವಸ್ಥೆಗೆ ಕೊಡುವ ಮಿತಿ 7 ಡಿಗ್ರಿ, ಅಂದರೆ ಅಂಚಿನಲ್ಲಿ ಸುಮಾರು 16 ಮಿಲಿಮೀಟರ್. ಉಳಿದ ಕೀಲುಗಳೂ ಇದರಲ್ಲಿ ಪಾಲು ಕೇಳುವುದರಿಂದ ಹಬ್ಬಿನ ಪಾಲು ಸೊನ್ನೆಗೆ ಹತ್ತಿರವಿರಬೇಕು.

ಹಾಗಾದರೆ ಆರಿಸುವುದು ಹೇಗೆ? ಮೊದಲು, ಕೂಡಿಸಿದ ಹಬ್ಬನ್ನು ಎಡಕ್ಕೂ ಬಲಕ್ಕೂ ತಿರುಚಿ ನೋಡಿ. ಹೊಸದರಲ್ಲೇ ಅಲುಗಾಡುವುದು ಬೇಡ. ಎರಡನೆಯದು, ಕೈಗವಸು ತೊಟ್ಟು, ಪಟ್ಟಿ ಬಿಗಿದು ಕುಳಿತಲ್ಲಿಂದಲೇ ಕಳಚಿ ನೋಡಿ. ಬೆರಳಿಗೆ ಸಿಗದ ಸಣ್ಣ ಗುಂಡಿ ಅಂಗಡಿಯಲ್ಲಿ ಚೆಂದ, ಹೊಗೆಯಲ್ಲಿ ಶತ್ರು. ಮೂರನೆಯದು, ಚಕ್ರ ನೇರವಾಗಿ ಒಂದೇ ಸ್ಥಾನದಲ್ಲಿ ಕೂರುವಂತೆ ಗುರುತೋ, ಅಗಲದ ಹಲ್ಲೋ ಇದೆಯೇ ನೋಡಿ. ನಾಲ್ಕನೆಯದು ಲೋಹ. ದಂಡಕ್ಕೆ ಬೆಸೆಯುವ ಭಾಗ ಉಕ್ಕಿನದಾಗಿರಬೇಕು. ಅಲ್ಯೂಮಿನಿಯಂ ಹಗುರ ನಿಜ, ಆದರೆ ಉಕ್ಕಿಗೆ ಸಾಮಾನ್ಯ ವೆಲ್ಡಿಂಗಿನಲ್ಲಿ ಕೂಡದು. ಐದನೆಯದು ಬೋಲ್ಟಿನ ರಂಧ್ರಗಳು. ಹಲವು ಚಕ್ರಗಳಲ್ಲಿ 70 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಆರು ರಂಧ್ರಗಳಿರುತ್ತವೆ, ಕೆಲವದರಲ್ಲಿ 74. ಅಳೆಯದೆ ಕೊಳ್ಳಬೇಡಿ. ಅಮೆರಿಕದ ಎಸ್‌ಎಫ್‌ಐ 42.1 ಎಂಬ ಮಾನದಂಡ ಇಂಥ ಹಬ್ಬಿಗೆಂದೇ ಇದೆ. ಆ ಗುರುತಿದ್ದರೆ ಒಳ್ಳೆಯದು. ಕೊಂಡ ಮೇಲೂ ಕೆಲಸ ಮುಗಿಯಲಿಲ್ಲ. ಧೂಳು ಕೂತರೆ ಗುಂಡುಗಳು ಪೂರ್ತಿ ಕೂರುವುದಿಲ್ಲ. ಪ್ರತಿಸಲ ಒರೆಸಿ, 'ಟಕ್' ಎಂದ ಮೇಲೂ ಒಮ್ಮೆ ಚಕ್ರವನ್ನು ಜೋರಾಗಿ ಎಳೆದು ನೋಡಿಯೇ ಹೊರಡಬೇಕು.

ಪೋಷಕರಿಗೊಂದು ಮಾತು. ಈ ಹಬ್ಬನ್ನು ಮನೆಯ ಕಾರಿಗೂ ಹಾಕಿಸುವ ಹುಚ್ಚು ಹುಡುಗರಲ್ಲಿದೆ. ಮನೆಯ ಕಾರಿನ ಸ್ಟೀರಿಂಗ್ ನಡುವೆ ಏರ್‌ಬ್ಯಾಗ್ ಇರುತ್ತದೆ. ನಮ್ಮ ದೇಶದಲ್ಲಿ 2019ರ ಜುಲೈನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಹಬ್ ಹಾಕಬೇಕೆಂದರೆ ಅದನ್ನು ಕಿತ್ತುಹಾಕಬೇಕು. ಮೇಲಾಗಿ ಚಕ್ರ ಎದೆಗೆ ಇನ್ನಷ್ಟು ಹತ್ತಿರ ಬರುತ್ತದೆ. ರೇಸ್ ಚಾಲಕನನ್ನು ಹೆಲ್ಮೆಟ್ಟು, ಆರೇಳು ಕಡೆ ಬಿಗಿದ ಪಟ್ಟಿ, ತಲೆಯ ಮೇಲಿನ ಉಕ್ಕಿನ ಕಮಾನು ಕಾಯುತ್ತವೆ. ಪೇಟೆಗೆ ಹೊರಟ ನಿಮ್ಮ ಮಗನಿಗೆ ಅವು ಯಾವುವೂ ಇಲ್ಲ. ಇಂಥ ಮಾರ್ಪಾಡಿಗೆ ಮೋಟಾರು ವಾಹನ ಕಾಯಿದೆಯ 52ನೇ ವಿಧಿಯೂ ಅಡ್ಡಬರುತ್ತದೆ.

ಕಾರಿನ ಹುಚ್ಚಿರುವ ಮಕ್ಕಳನ್ನು ಗದರಿಸುವ ಬದಲು ಒಮ್ಮೆ ಚೆಟ್ಟಿಪಾಳಯಕ್ಕೆ ಕರೆದೊಯ್ಯಿರಿ. ತಪಾಸಣೆಯ ಸಾಲಿನಲ್ಲಿ ಗಡಿಯಾರ ಹಿಡಿದು ನಿಂತವರನ್ನು ತೋರಿಸಿ. ಆಮೇಲೂ ಅವರು ಇಂಥ ಹಬ್ ಬೇಕೆಂದರೆ, 'ಯಾವ ಕಾರಿಗೆ?' ಎಂಬ ಒಂದೇ ಪ್ರಶ್ನೆ ಸಾಕು.