ಕಾರು ಪೆಟ್ರೋಲ್ ಕುಡಿದದ್ದು, ನಾವು ಹುಡುಗನನ್ನು ಅನುಮಾನಿಸಿದ್ದು

ಇದು ಕಳೆದ ಚಳಿಗಾಲದ ಮಾತು. ಚಳಿಗಾಲ ಅಂದರೆ ಇಲ್ಲಿಯದು, ಜೂನ್-ಜುಲೈ. ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯವೇನಲ್ಲ. ಆದರೂ ಒಂದೇ ಕಾರನ್ನು ಮನೆಮಂದಿ, ನೆಂಟರು, ರೂಮ್‌ಮೇಟ್‌ಗಳು ಹಂಚಿಕೊಂಡು ಓಡಿಸುವ ಮನೆಗಳು ನಮ್ಮವರಲ್ಲಿ ಬಹಳ ಇವೆ. ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇವೆ.

ನಾವಿರುವುದು ಜೂಂಡಲಪ್‌ನಲ್ಲಿ. ಹಾಸನದಲ್ಲಿ ಬಿ.ಕಾಂ. ಮುಗಿಸಿ, ಊರಿಂದ ಊರಿಗೆ ಲೆಕ್ಕ ಬರೆದುಕೊಂಡೇ ಇಲ್ಲಿ ತನಕ ಬಂದವರು. ಆಫೀಸು ಪರ್ತ್ ಸಿಟಿಯಲ್ಲಿ, ನಮ್ಮ ಓಡಾಟ ರೈಲಿನಲ್ಲೇ. ಮನೆಯಲ್ಲಿರೋದು ಒಂದೇ ಕಾರು, ಹನ್ನೆರಡು ವರ್ಷ ಹಳೆಯದು. ಬೆಳಗಿನ ಜಾವ ಅಕ್ಕನ ಮಗ ಅದರಲ್ಲಿ ಆಸ್‌ಬೋರ್ನ್ ಪಾರ್ಕ್‌ಗೆ ಕ್ಲೀನಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವನು ವಾಪಸ್ ತಂದ ಮೇಲೆ ಮನೆಯಾಕೆ ಅದರಲ್ಲೇ ವಾನೆರೂ ಕಡೆ ಏಜ್ಡ್ ಕೇರ್ ಕೆಲಸಕ್ಕೆ. ಹುಡುಗ ಓದಲು ಬಂದವನು, ನಮ್ಮ ಜೊತೆಗೇ ಇದ್ದ. ಪೆಟ್ರೋಲ್ ಹಾಕಿಸೋದು ಅವನ ಪಾಲಿನ ಕೆಲಸ, ಕಾರ್ಡು ನಮ್ಮದು.

ಪೆಟ್ರೋಲ್ ವಿಷಯದಲ್ಲಿ ಪರ್ತ್‌ನವರಿಗೆ ಒಂದು ಅನುಕೂಲ ಇದೆ. 2001ರಿಂದ ಇಲ್ಲಿನ ಸರ್ಕಾರದ ಫ್ಯುಯಲ್‌ವಾಚ್ ವ್ಯವಸ್ಥೆ ನಡೆಯುತ್ತಿದೆ. ಪ್ರತಿ ಬಂಕ್‌ನವರೂ ನಾಳೆಯ ದರವನ್ನು ಇವತ್ತೇ ಹೇಳಬೇಕು. ಮಧ್ಯಾಹ್ನ ಎರಡೂವರೆಗೆ ಅದು ಎಲ್ಲರಿಗೂ ಕಾಣುತ್ತದೆ. ಬೆಳಿಗ್ಗೆ ಆರರಿಂದ 24 ಗಂಟೆ ಆ ದರ ಬದಲಾಗುವಂತಿಲ್ಲ. ಈಚಿನ ವರ್ಷಗಳಲ್ಲಿ ಮಂಗಳವಾರ ಅಗ್ಗ, ಬುಧವಾರ ಏರಿಕೆ. ಬ್ರಿಸ್ಬೇನ್, ಅಡಿಲೇಡ್ ಕಡೆಯವರಿಗೆ ಈ ವಾರದ ಲೆಕ್ಕ ಹೊಂದಲ್ಲ, ಅಲ್ಲಿ ಏರಿಳಿತದ ಸುತ್ತು ಮುಗಿಯಲು ಹಲವು ವಾರ ಬೇಕು. ನಮ್ಮ ಹುಡುಗ ತಪ್ಪದೆ ಮಂಗಳವಾರವೇ ಹಾಕಿಸುತ್ತಿದ್ದ, ಟ್ಯಾಂಕ್ ಫುಲ್. ಬಿಲ್ ತಂದು ಫ್ರಿಜ್ ಮೇಲೆ ಇಡುತ್ತಿದ್ದ, ಹಿಂದುಗಡೆ ಕಿಲೋಮೀಟರ್ ಬರೆದು.

ಜೂನ್ ಕೊನೆಗೆ ಇಲ್ಲಿ ಹಣಕಾಸು ವರ್ಷ ಮುಗಿಯುತ್ತೆ. ಆಫೀಸಿನ ಲೆಕ್ಕದ ಜೊತೆ ಮನೆಯ ಲೆಕ್ಕವನ್ನೂ ನೋಡಿದೆವು. ಮಾರ್ಚ್‌ನಲ್ಲಿ 1,500 ಕಿಲೋಮೀಟರಿಗೆ 120 ಲೀಟರ್, ಸರಾಸರಿ ದರ 1.72 ಡಾಲರ್, ಖರ್ಚು 206.40. ಜೂನ್‌ನಲ್ಲೂ ಅಷ್ಟೇ ಓಡಾಟ, ಆದರೆ 147 ಲೀಟರ್, ದರ 1.80, ಖರ್ಚು 264.60. ಹೆಚ್ಚಾದದ್ದು 58.20 ಡಾಲರ್.

ಬಿ.ಕಾಂ.ನಲ್ಲಿ ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ನೆನಪಿರಬಹುದು. ಇಂಥ ವ್ಯತ್ಯಾಸವನ್ನು ಎರಡು ಪಾಲು ಮಾಡಬೇಕು, ದರದ್ದೊಂದು, ಬಳಕೆಯದ್ದೊಂದು. ದರ ಏರಿದ್ದು 8 ಸೆಂಟ್, ಅದನ್ನು 147 ಲೀಟರಿಗೆ ಗುಣಿಸಿದರೆ 11.76. ಹೆಚ್ಚು ಕುಡಿದದ್ದು 27 ಲೀಟರ್, ಹಳೆಯ ದರದಲ್ಲಿ 46.44. ಅಂದರೆ ಬಂಕ್‌ನವರನ್ನು ಬೈದು ಪ್ರಯೋಜನವಿಲ್ಲ, ಬಳಕೆಯೇ ಹೆಚ್ಚಾಗಿದೆ. ಇಲ್ಲಿನ ಲೆಕ್ಕದಲ್ಲಿ 100 ಕಿಲೋಮೀಟರಿಗೆ 8 ಲೀಟರ್ ಇದ್ದದ್ದು 9.8 ಆಗಿದೆ. ನಮ್ಮ ಊರಿನ ಮೈಲೇಜ್ ಭಾಷೆಯಲ್ಲಿ ಹೇಳಬೇಕಾದರೆ ನೂರನ್ನು ಆ ಸಂಖ್ಯೆಯಿಂದ ಭಾಗಿಸಿ. ಲೀಟರಿಗೆ ಹನ್ನೆರಡೂವರೆ ಕೊಡುತ್ತಿದ್ದ ಕಾರು ಹತ್ತಕ್ಕೆ ಇಳಿದಿತ್ತು.

ಇಷ್ಟರ ತನಕ ಸರಿಯಾಗಿಯೇ ಇದ್ದೆವು. ತಪ್ಪು ಮಾಡಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಬಳಕೆ ಹೆಚ್ಚಾಗಲು ಪುಸ್ತಕದಲ್ಲಿ ಕಾರಣಗಳ ಪಟ್ಟಿಯೇ ಇರುತ್ತೆ: ಪೋಲು, ಯಂತ್ರದ ದೋಷ, ಕಳ್ಳತನ. ಯಂತ್ರವನ್ನು ಬಿಟ್ಟು ನಾವು ನೇರ ಮೂರನೆಯದಕ್ಕೆ ಹಾರಿದೆವು. ಕಾರ್ಡು ಯಾರ ಕೈಲಿದೆ? ಹುಡುಗನ ಕೈಲಿ. ಅವನ ಸ್ನೇಹಿತರಲ್ಲಿ ಕಾರು ಇರುವವರು ಇದ್ದಾರಾ? ಇದ್ದಾರೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟೆವು. "ನಮ್ಮ ಕಾರ್ಡಲ್ಲಿ ಬೇರೆ ಯಾರ ಗಾಡಿಗಾದರೂ ಹಾಕಿಸ್ತಿದೀಯೇನೋ?"

ಅವನು ತಲೆ ಎತ್ತಿ ನೋಡಿದ. "ಇಲ್ಲ ಮಾವ" ಅಂದ. ಅನ್ನ ಮುಗಿಸಿ ತಟ್ಟೆ ತೊಳೆದಿಟ್ಟ. ಮಾರನೇ ದಿನ ಕಾರಿನ ಕೀ, ಕಾರ್ಡು ಎರಡೂ ಫ್ರಿಜ್ ಮೇಲಿದ್ದವು. ಕೆಲಸಕ್ಕೆ ಜೊತೆಯವನೊಬ್ಬನ ಕಾರಲ್ಲಿ ಹೋಗಲು ಶುರು ಮಾಡಿದ. ವಾರ ಕಳೆದ ಮೇಲೆ, "ಬೇರೆ ರೂಮ್ ನೋಡಿದೀನಿ ಮಾವ, ತಿಂಗಳ ಕೊನೆಗೆ ಹೋಗ್ತೀನಿ" ಅಂದ. ಮನೆಯಾಕೆ ನಮ್ಮ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಆಮೇಲಿನ ಎರಡು ಸಲ ಪೆಟ್ರೋಲ್ ಹಾಕಿಸಿದವರು ನಾವೇ. ಬಂಕ್ ಪಂಪ್ ತಾನಾಗಿ ನಿಂತ ಕೂಡಲೇ ನಿಲ್ಲಿಸಿ, ಕಿಲೋಮೀಟರ್ ಬರೆದುಕೊಂಡೆವು. ಮುಂದಿನ ಸಲ ಮತ್ತೆ ಅದೇ ಬಂಕ್, ಅದೇ ಪಂಪ್. ಹುಡುಗ ಸ್ಟೇರಿಂಗ್ ಮುಟ್ಟಿಯೇ ಇರಲಿಲ್ಲ. ಲೆಕ್ಕ ಬಂದದ್ದು 9.8. ಹಾಳೆ ಹಿಡಿದು ಬಂಕ್‌ನಲ್ಲೇ ಸ್ವಲ್ಪ ಹೊತ್ತು ಕೂತುಬಿಟ್ಟೆವು.

ಆಗ ಕಾರಿನ ಕಡೆ ನೋಡಿದೆವು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸ್ವಂತ ಕಾರಿಗೆ ವರ್ಷ ವರ್ಷ ತಪಾಸಣೆ ಮಾಡಿಸುವ ಕಟ್ಟಳೆ ಇಲ್ಲ. ರೆಜೊ ದುಡ್ಡು ಕಟ್ಟಿದರೆ ಆಯಿತು. ಹಾಗಾಗಿ ನಾವೇ ನೋಡದಿದ್ದರೆ ಯಾರೂ ನೋಡಲ್ಲ.

ಮೊದಲು ಟೈರ್. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 33 ಪಿಎಸ್‌ಐ ಅಂತಿತ್ತು, ನಮ್ಮ ಟೈರ್‌ಗಳಲ್ಲಿ ಇದ್ದದ್ದು 25. ಗಾಳಿಯನ್ನು ಕಾರು ಓಡಿಸುವ ಮೊದಲು, ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ಗಾಳಿ ಹೊಡೆಸಿದ ಮೇಲೆ 9.8 ಇದ್ದದ್ದು 9.4 ಆಯಿತು. ಇನ್ನೂ ಬಹಳ ದೂರ ಇತ್ತು.

ಎರಡನೆಯದು ಬ್ರೇಕ್. ಹಿಡಿದುಕೊಂಡ ಬ್ರೇಕ್ ಇದ್ದರೆ ಎಂಜಿನ್ ಸುಮ್ಮನೆ ಎಳೆದಾಡುತ್ತೆ. ಸ್ವಲ್ಪ ದೂರ ಓಡಿಸಿ ಬಂದು ಒಂದೊಂದು ಚಕ್ರದ ಹತ್ತಿರ ಕೈ ಹಿಡಿದು ನೋಡಿದೆವು (ಮುಟ್ಟಬೇಡಿ, ಸುಡುತ್ತೆ). ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಅಲ್ಲಿ ತೊಂದರೆ. ನಮ್ಮದರಲ್ಲಿ ನಾಲ್ಕೂ ಸಮ ಇದ್ದವು. ಚಾವಣಿ ಮೇಲೆ ಬೇಸಿಗೆಯ ಕ್ಯಾಂಪಿಂಗ್‌ಗೆ ಹಾಕಿದ ರಾಕ್ ಬೇರೆ ಇರಲಿಲ್ಲ. ಏರ್ ಫಿಲ್ಟರ್ ಸ್ವಚ್ಛವಾಗಿಯೇ ಇತ್ತು.

ಒಂದು ಬೆಳಿಗ್ಗೆ ಮನೆಯಾಕೆ ಕೈ ಉಜ್ಜಿಕೊಳ್ಳುತ್ತಾ ಬಂದು, "ಈ ಕಾರಲ್ಲಿ ಹೀಟರ್ ಬೆಚ್ಚಗೇ ಆಗಲ್ಲ ರೀ" ಅಂದರು. ಆಗ ಹೊಳೆಯಿತು. ಜೂನ್ ಮೊದಲ ವಾರದಲ್ಲೇ ಹುಡುಗ ಇದೇ ಮಾತು ಹೇಳಿದ್ದ, "ಮಾವ, ಹೀಟರ್ ಬಿಸಿ ಆಗಲ್ಲ" ಅಂತ. "ಸ್ವೆಟರ್ ಹಾಕ್ಕೊಂಡು ಹೋಗೋ" ಅಂದಿದ್ದೆವು.

ಕಾರಿನ ಹೀಟರ್‌ಗೆ ಬಿಸಿ ಬರೋದು ಎಂಜಿನ್ ನೀರಿನಿಂದ. ಹೀಟರ್ ತಣ್ಣಗಿದೆ ಅಂದರೆ ಎಂಜಿನ್ನೇ ತಣ್ಣಗಿರಬಹುದು. ಮಿಚೆಲ್ ಫ್ರೀವೇಯಲ್ಲಿ ಓಡಿಸಿ ಟೆಂಪರೇಚರ್ ಮುಳ್ಳು ನೋಡಿದೆವು. ವೇಗವಾಗಿ ಹೋಗುವಾಗ ಮುಳ್ಳು ಕೆಳಗಿಳಿಯಿತು, ಸಿಗ್ನಲ್‌ನಲ್ಲಿ ನಿಂತಾಗ ಮೇಲೆ ಬಂತು. ಪರಿಚಯದವರಿಂದ ಓಬಿಡಿ ರೀಡರ್ ತಂದು ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದೆವು. ಇಪ್ಪತ್ತು ನಿಮಿಷ ಓಡಿದ ಮೇಲೂ ನೀರಿನ ಬಿಸಿ 65 ಡಿಗ್ರಿ ದಾಟಲಿಲ್ಲ. ಚೆಕ್ ಎಂಜಿನ್ ದೀಪ ಹತ್ತಿರಲಿಲ್ಲ, ಆದರೆ ರೀಡರ್ ಒಳಗೆ ಪಿ0128 ಅಂತ ಕೋಡ್ ಕಾದು ಕೂತಿತ್ತು. ಎಂಜಿನ್ ಇರಬೇಕಾದಷ್ಟು ಬಿಸಿ ಆಗ್ತಿಲ್ಲ ಅನ್ನೋದು ಅದರ ಅರ್ಥ.

ತೊಂದರೆ ಥರ್ಮೋಸ್ಟಾಟ್‌ನದು. ರೇಡಿಯೇಟರ್‌ಗೆ ನೀರು ಹೋಗುವ ದಾರಿಯಲ್ಲಿರುವ ಸಣ್ಣ ಬಾಗಿಲು ಅದು. ಎಂಜಿನ್ ತಣ್ಣಗಿರುವಾಗ ಮುಚ್ಚಿರಬೇಕು, ನೀರು 80-90 ಡಿಗ್ರಿ ಮುಟ್ಟಿದಾಗ ಒಳಗಿನ ಮೇಣ ಹಿಗ್ಗಿ ತೆರೆಯಬೇಕು. ನಮ್ಮದು ತೆರೆದೇ ನಿಂತುಬಿಟ್ಟಿತ್ತು. ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂತ ತಿಳಿದ ಕಾರಿನ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಹಾಕುತ್ತಲೇ ಇತ್ತು. ತಣ್ಣನೆಯ ಆಯಿಲ್ ಗಟ್ಟಿ, ಅದರ ಎಳೆತ ಬೇರೆ. ಬೇಸಿಗೆಯಲ್ಲಿ ಗೊತ್ತಾಗದೇ ಹೋಗಬಹುದಾಗಿದ್ದ ದೋಷ ಜೂನ್ ಚಳಿಯಲ್ಲಿ ಬಿಲ್ ಮೇಲೆ ಕಂಡಿತು.

ಗ್ಯಾರೇಜಿನಲ್ಲಿ ಹೊಸ ಥರ್ಮೋಸ್ಟಾಟ್, ಕೂಲಂಟ್, ಕೂಲಿ ಸೇರಿ 210 ಡಾಲರ್ ಆಯಿತು. ಮುಂದಿನ ಎರಡು ಟ್ಯಾಂಕ್ ಲೆಕ್ಕ 8.1.

ಆ ಹಾಳೆ ತೆಗೆದುಕೊಂಡು ಹುಡುಗನ ರೂಮಿಗೆ ಹೋದೆವು. ಅವನು ಪೆಟ್ಟಿಗೆ ತುಂಬುತ್ತಿದ್ದ. "ತಪ್ಪಾಯ್ತು ಕಣೋ" ಅಂದೆವು. ಅವನು ಹಾಳೆ ನೋಡಿ, "ನಾನು ಆವಾಗ್ಲೇ ಹೇಳಿದ್ನಲ್ಲ ಮಾವ" ಅಂದ, ಅಷ್ಟೇ. ಹೊಸ ರೂಮಿಗೆ ಬಾಂಡ್ ಕಟ್ಟಿಯಾಗಿತ್ತು, ಹೋದ. ಅದೇ ವಾರ ಅಕ್ಕ ಹಾಸನದಿಂದ ಫೋನ್ ಮಾಡಿ, "ಕೆಲಸಕ್ಕೆ ಹತ್ತಿರ ಆಗುತ್ತೆ ಅಂತ ಬೇರೆ ರೂಮ್ ಮಾಡ್ಕೊಂಡನಂತೆ?" ಅಂತ ಕೇಳಿದಳು. ಅವನು ನಮ್ಮ ಮರ್ಯಾದೆ ಉಳಿಸಿದ್ದ. ನಡೆದದ್ದನ್ನು ನಾವೇ ಅಕ್ಕನಿಗೆ ಹೇಳಿದೆವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಈಗ ಹುಡುಗ ಭಾನುವಾರ ಊಟಕ್ಕೆ ಬರುತ್ತಾನೆ. ಕಾರಿನ ಇನ್ನೊಂದು ಕೀ ಅವನ ಹತ್ತಿರವೇ ಇದೆ, ಬೇಡ ಅಂದರೂ ಕೊಟ್ಟಿದ್ದೇವೆ.

ನಿಮ್ಮ ಕಾರೂ ಹೆಚ್ಚು ಕುಡಿಯುತ್ತಿದೆ ಅನ್ನಿಸಿದರೆ ಮೂರು ಟ್ಯಾಂಕ್ ಲೆಕ್ಕ ಬರೆಯಿರಿ, ಡಾಲರ್‌ನಲ್ಲಲ್ಲ, ಲೀಟರ್‌ನಲ್ಲಿ. ಟೈರ್, ಬ್ರೇಕ್, ಹೀಟರ್, ಮುಳ್ಳು ಈ ನಾಲ್ಕನ್ನು ಕಾಸು ಖರ್ಚಿಲ್ಲದೆ ನೀವೇ ನೋಡಬಹುದು. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬೇಡಿ. ಜೊತೆಗೆ ಕಾರು ಓಡಿಸುವವರನ್ನು ಒಮ್ಮೆ ಕೇಳಿ, "ಗಾಡಿಯಲ್ಲಿ ಏನಾದರೂ ವ್ಯತ್ಯಾಸ ಕಾಣ್ತಿದೆಯಾ?" ಅಂತ. ನಾವು ಆ ರಾತ್ರಿ ಊಟದ ಹೊತ್ತಿಗೆ ಕೇಳಬೇಕಾಗಿದ್ದ ಪ್ರಶ್ನೆ ಅದು.