ಮಲಾಯಿಯ ಬಟ್ಟಲು

ನಮ್ಮ ಅಮ್ಮಿಗೆ ಹಾಲು ಅಂದರೆ ಎಮ್ಮೆಯ ಹಾಲು. ಉಳಿದದ್ದೆಲ್ಲ ನೀರು. ಕಾಯಿಸಿ ಆರಿಸಿದ ಹಾಲಿನ ಮೇಲೆ ಕಟ್ಟುವ ದಪ್ಪ ಕೆನೆಯನ್ನು ದಿನಾ ಬೆಳಿಗ್ಗೆ ಹಿತ್ತಾಳೆಯ ಪುಟ್ಟ ಬಟ್ಟಲಿಗೆ ತೆಗೆದು, ಮೇಲೊಂದಿಷ್ಟು ಸಕ್ಕರೆ ಉದುರಿಸಿ ಅಬ್ಬಾರ ಮುಂದಿಡುತ್ತಿದ್ದರು. ಬಟ್ಟಲ ತಳ ಬೆರಳಿಂದ ಒರೆಸಿ ನೆಕ್ಕುವ ಭಾಗ್ಯ ಮಾತ್ರ ಮಕ್ಕಳಾದ ನಮ್ಮದು. ಅಮ್ಮಿ ಅಬ್ಬಾರೊಡನೆ ಒಂದು ಸಿಹಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಆಡುವ ಅಗತ್ಯ ಆಕೆಗೆ ಕಂಡಿರಲಿಕ್ಕಿಲ್ಲ, ಬಟ್ಟಲಿತ್ತಲ್ಲ.

2016ರಲ್ಲಿ ಅಬ್ಬಾರ ರಕ್ತಪರೀಕ್ಷೆಯ ವರದಿ ಬಂತು. ಮದುವೆಯಾಗಿ ಅದೇ ಊರಿನಲ್ಲಿದ್ದ ನಾನು ಓದಿದವಳೆಂದು ಕರೆಸಿದರು. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಹೆಚ್ಚಿತ್ತು. ಮೂರು ತಿಂಗಳು ಪಥ್ಯ ಮಾಡಿ, ಆಮೇಲೆ ಮಾತ್ರೆಯ ಮಾತು ಎಂದಿದ್ದರು ಡಾಕ್ಟರು. ಅಮ್ಮಿಗೆ ಈ ಕೊಲೆಸ್ಟರಾಲನ್ನು ಹೇಗೆ ಹೇಳುವುದು? ನಾನು ಕಲಿತ ಉರ್ದುವಿನಲ್ಲೂ ಕನ್ನಡದಲ್ಲೂ ಅದಕ್ಕೆ ಬಳಕೆಯ ಪದವಿಲ್ಲ. 'ಖೂನ್‌ನಲ್ಲಿ ಚರ್ಬಿ' ಎಂದುಬಿಟ್ಟೆ. (ಚರ್ಬಿ, ಕೊಬ್ಬು ಎರಡೂ ಬೈಗುಳಕ್ಕೂ ಒದಗುತ್ತವೆ. ಅಬ್ಬಾ ನಕ್ಕರು.) ತಪ್ಪು ಅಲ್ಲೇ ಶುರುವಾಯಿತು. ಕೊಲೆಸ್ಟರಾಲ್ ಮೇಣದಂಥ ವಸ್ತು, ಕೊಬ್ಬು ಬೇರೆ. ಎರಡನ್ನೂ ಒಂದು ಮಾಡಿ ನಾನು ಅಡುಗೆಮನೆಗೆ ನುಗ್ಗಿದೆ. ಮಲಾಯಿ ಬಂದ್, ತುಪ್ಪ ಬಂದ್, ಹಾಲು, ಮೊಸರು, ಕಡೆಗೆ ನೀರು ಮಜ್ಜಿಗೆ ಕೂಡ. ಅಬ್ಬಾ ಕರಿ ಚಹಾದಲ್ಲಿ ಬೇಕರಿಯ ಖಾರಾ ಬಿಸ್ಕತ್ತು ಅದ್ದಿ ತಿನ್ನತೊಡಗಿದರು. ಪೊಟ್ಟಣದ ಮೇಲೆ 'ಕೊಲೆಸ್ಟರಾಲ್ ಇಲ್ಲ' ಎಂದು ಅಚ್ಚಾಗಿತ್ತು, ನಾನೇ ತಂದುಕೊಡುತ್ತಿದ್ದೆ.

ಒಂದು ದಿನ ಅಮ್ಮಿ ಒಲೆಯ ಮುಂದೆ ಕೂತಲ್ಲೇ ಕೇಳಿದರು, "ಬೇಟಿ, ನಲವತ್ತು ವರ್ಷ ನಾನೇ ಅವರಿಗೆ ವಿಷ ತಿನ್ನಿಸಿದೆನಾ?"

ಉತ್ತರ ನನ್ನಲ್ಲಿರಲಿಲ್ಲ. ಮೂರು ತಿಂಗಳ ಮೇಲೆ ಬಂದ ವರದಿಯಲ್ಲೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಡಾಕ್ಟರು ತಿನ್ನುವುದನ್ನೆಲ್ಲ ಒಂದೊಂದಾಗಿ ಕೇಳಿ, ಬಿಸ್ಕತ್ತಿನ ಮಾತಿಗೆ ತಲೆ ಚಚ್ಚಿಕೊಂಡರು. ಅದರಲ್ಲಿದ್ದುದು ವನಸ್ಪತಿ. ಗಿಡದ ಎಣ್ಣೆಯಿಂದಾದ್ದರಿಂದ ಅದರಲ್ಲಿ ಕೊಲೆಸ್ಟರಾಲ್ ಇಲ್ಲವೆಂಬುದು ನಿಜ. ಆದರೆ ಅದರಲ್ಲಿನ ಟ್ರಾನ್ಸ್ ಕೊಬ್ಬು ಕೆಟ್ಟದ್ದನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. (ಎಣ್ಣೆ, ಕೊಬ್ಬುಗಳಲ್ಲಿ ಅದು ನೂರಕ್ಕೆ ಎರಡನ್ನು ಮೀರಬಾರದೆಂಬ ನಿಯಮ ಬಂದದ್ದು 2022ರ ಜನವರಿಯಲ್ಲಿ.)

ಆಮೇಲೆ ನಾನೇ ಒಂದಿಷ್ಟು ಓದಿದೆ. ಒಂದು ಲೋಟ ಹಸುವಿನ ಹಾಲಿನಲ್ಲಿರುವ ಕೊಲೆಸ್ಟರಾಲ್ 25 ಮಿಲಿಗ್ರಾಂ ಆಸುಪಾಸು, ಅಷ್ಟೆ. ದೇಹಕ್ಕೆ ಬೇಕಾದ ಕೊಲೆಸ್ಟರಾಲಿನ ಹೆಚ್ಚು ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ರಕ್ತದಿಂದ ಎಲ್‌ಡಿಎಲ್ ಅನ್ನು ಹಿಡಿದೆಳೆದುಕೊಳ್ಳುವ ಕೈಗಳಂಥವು ಯಕೃತ್ತಿನ ಕೋಶಗಳ ಮೇಲಿವೆ. ಆ ಬಗೆಯ ಕೈಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಈ ಕೈಗಳು ಕಡಿಮೆಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಅಮೆರಿಕದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ಹಳೆಯ ಮಿತಿಯನ್ನು 2015ರ ಆವೃತ್ತಿಯಲ್ಲಿ ಕೈಬಿಟ್ಟರೂ ಸ್ಯಾಚುರೇಟೆಡ್ ಕೊಬ್ಬಿನ ಮಿತಿಯನ್ನು ಬಿಡಲಿಲ್ಲ. ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಅದೇ.

ಅಂದರೆ ಮೊಸರು, ಮಜ್ಜಿಗೆಗಳನ್ನು ನಾನು ಸುಮ್ಮನೆ ಜೈಲಿಗೆ ಹಾಕಿದ್ದೆ. ಮಲಾಯಿಯನ್ನು ಮಾತ್ರ ಪೂರ್ತಿ ಬಿಡುಗಡೆ ಮಾಡುವಂತಿರಲಿಲ್ಲ. ಇದನ್ನು ಅಮ್ಮಿಗೆ ಹೇಳುವುದು ಹೇಗೆ? ಸುಳ್ಳು ಹೇಳಿದರೆ ಹಿಡಿದುಬಿಡುವ ಹೆಂಗಸು ಅವರು. ಇದ್ದದ್ದನ್ನೇ ಹೇಳಿದೆ: ಅಬ್ಬಾರ ಇಬ್ಬರು ಅಣ್ಣಂದಿರಿಗೂ ಇದೇ ತೊಂದರೆ ಇತ್ತು, ಇದು ಖಾನ್‌ದಾನದಲ್ಲೇ ಬಂದದ್ದು, ಮಲಾಯಿಯದೂ ಒಂದು ಪಾಲಿದೆ, ನಾನು ತಂದ ಬಿಸ್ಕತ್ತಿನದೂ ಇದೆ.

ಅಮ್ಮಿ ಬಹಳ ಹೊತ್ತು ಅಕ್ಕಿ ಆರಿಸುತ್ತಲೇ ಇದ್ದರು. "ಹಾಗಾದರೆ ನೀನೂ ತಿನ್ನಿಸಿದೆ ಅನ್ನು," ಎಂದರು.

"ಹೌದು ಅಮ್ಮಿ."

ಈಗ ಅಬ್ಬಾ ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ, ಮಧ್ಯಾಹ್ನ ಮೊಸರನ್ನ ಉಣ್ಣುತ್ತಾರೆ. ತುಪ್ಪ ಹಬ್ಬದ ದಿನ ಶೀರ್ ಖುರ್ಮಾಕ್ಕಷ್ಟೇ. ಮನೆಗೆ ಬರುವುದು ನೂರಕ್ಕೆ ಮೂರು ಪಾಲು ಕೊಬ್ಬಿರುವ ಟೋನ್ಡ್ ಹಾಲಿನ ಪ್ಯಾಕೆಟ್ಟು. ಮೊನ್ನೆ ಹೋದಾಗ ಅಮ್ಮಿ ಆರಿದ ಹಾಲಿನ ಮೇಲಿನ ತೆಳ್ಳನೆಯ ಪದರವನ್ನು ಚಮಚದ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಇದು ಮಲಾಯಿಯಾ, ಪತಂಗದ ಕಾಗದವಾ?" ಎಂದು ಬೈದರು. ಬೈಯುತ್ತಲೇ ಹಿತ್ತಾಳೆಯ ಬಟ್ಟಲಿಗೆ ಹಾಕಿ ಅಬ್ಬಾರ ಮುಂದಿಟ್ಟರು. ಸಕ್ಕರೆ ಹಾಕಲಿಲ್ಲ.