ಗಂಟು ಕೈಯಲ್ಲಿತ್ತೋ, ಗಾಳಿಯಲ್ಲಿತ್ತೋ?

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುವ ತಂದೆ, ಬೋನಸ್ ಹಣದಲ್ಲಿ ಮಗನಿಗೆ ಏರ್‌ಬ್ರಷ್ ಮತ್ತು ಪುಟ್ಟ ಕಂಪ್ರೆಸರ್ ಕೊಡಿಸಿದರು. ಪಿಯುಸಿ ಓದುವ ಹುಡುಗನಿಗೆ ಮಣ್ಣಿನ ಗಣಪತಿಗೆ ಬಣ್ಣ ಹಾಕುವ ಹುಚ್ಚು. ಹಬ್ಬಕ್ಕೆ ಮುಂಚೆ ಹತ್ತಾರು ಮೂರ್ತಿ ಮುಗಿಸಿ ಫೀಸಿನ ಹಣ ತಾನೇ ಸಂಪಾದಿಸಬೇಕೆಂಬ ಲೆಕ್ಕ.

ಆದರೆ ಗಣಪತಿಯ ಜರಿಪಂಚೆಯ ಅಂಚು ಎಳೆದಾಗಲೆಲ್ಲ ಗೆರೆಯಲ್ಲಿ ಗಂಟು ಗಂಟು. ಗುಂಡಿ ಒತ್ತಿದೊಡನೆ ಒಮ್ಮೆ ಬಣ್ಣ ಉಗಿಯುವುದು, ಆಮೇಲೆ ಸೊರಗುವುದು. ಬಣ್ಣ ತೆಳು ಮಾಡಿದ, ಮೂತಿ ಬಿಚ್ಚಿ ತೊಳೆದ, ಪ್ರಯೋಜನವಾಗಲಿಲ್ಲ.

"ಕೈ ನಡುಗುತ್ತೆ ಕಣೋ ನಿಂಗೆ. ಸುಮ್ನೆ ಓದ್ಕೋ ಹೋಗು" ಎಂದರು ತಂದೆ. ಹುಡುಗ ಎರಡು ದಿನ ಬ್ರಷ್ ಮುಟ್ಟಲಿಲ್ಲ. ಊಟಕ್ಕೆ ಕುಳಿತಾಗ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ.

ಮೂರನೆಯ ದಿನ ಹಳೆಯ ಕಾಗದದ ಮೇಲೆ ಸ್ಕೇಲಿನ ಉದ್ದಕ್ಕೂ ಒಂದಡಿ ಗೆರೆ ಎಳೆದ. ಗಡಿಯಾರ ನೋಡಿದರೆ ಮೂರು ಸೆಕೆಂಡು ಹಿಡಿದಿತ್ತು. ಗಂಟು ಎಣಿಸಿದ: ಎಪ್ಪತ್ತಕ್ಕೆ ಒಂದೆರಡು ಮಿಕ್ಕಿತ್ತು. ಎಲ್ಲವೂ ಹತ್ತಿರ ಹತ್ತಿರ ನಾಲ್ಕು ಮಿಲಿಮೀಟರ್ ಅಂತರದಲ್ಲಿ, ದರ್ಜಿ ಯಂತ್ರದಲ್ಲಿ ಹೊಲಿದಂತೆ. ನಡುಗುವ ಕೈಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು?

ಪಾಳಿ ಮುಗಿಸಿ ಬಂದ ತಂದೆ ಕಾಗದ ನೋಡಿದರು, ಏನೂ ಹೇಳಲಿಲ್ಲ. ಮೋಟಾರುಗಳ ನಡುವೆಯೇ ದಿನ ಕಳೆಯುವ ಮನುಷ್ಯ. ಕಂಪ್ರೆಸರನ್ನು ಮಗುಚಿ ಅದರ ತಗಡಿನ ಪಟ್ಟಿ ಓದಿದರು. ನಿಮಿಷಕ್ಕೆ 1450 ಸುತ್ತು. ಅರವತ್ತರಿಂದ ಭಾಗಿಸಿದರೆ ಸೆಕೆಂಡಿಗೆ 24. ಮೂರು ಸೆಕೆಂಡಿಗೆ 72!

ಈ ಬಗೆಯ ಕಂಪ್ರೆಸರಿನಲ್ಲಿ ಇರುವುದು ಒಂದೇ ಪಿಸ್ಟನ್. ಅದು ಇಳಿದಾಗ ಗಾಳಿ ಎಳೆದುಕೊಳ್ಳುತ್ತದೆ, ಏರಿದಾಗ ನೂಕುತ್ತದೆ. ಹೀಗಾಗಿ ಗಾಳಿ ಹೊಳೆಯಂತೆ ಹರಿಯುವುದಿಲ್ಲ, ತುಣುಕು ತುಣುಕಾಗಿ ಬರುತ್ತದೆ. ದಪ್ಪ ಬಣ್ಣ ಬಳಿಯುವಾಗ ಇದು ಕಾಣುವುದಿಲ್ಲ, ಎಳೆಯಂಥ ಗೆರೆಯಲ್ಲಿ ಎದ್ದು ಕಾಣುತ್ತದೆ.

ನಮ್ಮ ಊರುಗಳ ಪೌರಾಣಿಕ ನಾಟಕ ನೋಡಿದವರು ಹಾರ್ಮೋನಿಯಂ ಮೇಷ್ಟ್ರ ಎಡಗೈ ಗಮನಿಸಿರಬಹುದು. ತಿದಿಯನ್ನು ಅವರು ಬಿಟ್ಟು ಬಿಟ್ಟು ಒತ್ತುತ್ತಾರೆ, ಶ್ರುತಿ ಮಾತ್ರ ಕಡಿಯುವುದಿಲ್ಲ. ಪೆಟ್ಟಿಗೆಯೊಳಗೆ ಸ್ಪ್ರಿಂಗ್ ಒತ್ತಿ ಹಿಡಿದಿರುವ ಇನ್ನೊಂದು ತಿದಿ ಗಾಳಿಯನ್ನು ತುಂಬಿಕೊಂಡು ಸಮನಾಗಿ ಬಿಡುತ್ತಿರುತ್ತದೆ. ಹುಡುಗನ ಯಂತ್ರದಲ್ಲಿ ಇರದಿದ್ದದ್ದು ಈ ಎರಡನೆಯ ತಿದಿ, ಅಂದರೆ ಗಾಳಿಯ ಟ್ಯಾಂಕ್.

ಹುಡುಗನಿಗೆ ತಕ್ಷಣ ಹೊಳೆದದ್ದು ಅಪಾಯದ ದಾರಿ. ಉಳಿದಿದ್ದ ನಾಲ್ಕಂಗುಲದ ಪಿವಿಸಿ ಪೈಪಿಗೆ ಎರಡೂ ಕಡೆ ಮುಚ್ಚಳ ಅಂಟಿಸಿ ಟ್ಯಾಂಕ್ ಮಾಡುವುದು! ರಸ್ತೆ ಬದಿಯ ಪಂಕ್ಚರ್ ಅಂಗಡಿಯವರು ಕೇಳಿದವರೇ ಗದರಿದರು. ಅವರು ಗದರಿದ್ದು ಒಳ್ಳೆಯದಾಯಿತು. 4 ಬಾರ್ ಒತ್ತಡದಲ್ಲಿ ಅಂಥ ಮುಚ್ಚಳದ ಮೇಲೆ ಬೀಳುವ ನೂಕು ಮೂರು ಕ್ವಿಂಟಲ್ ತೂಕಕ್ಕೂ ಹೆಚ್ಚು. ನೀರಿನ ಪೈಪ್ ಒಡೆದರೆ ನೀರು ಚಿಮ್ಮಿ ನಿಲ್ಲುತ್ತದೆ. ಒತ್ತಿ ತುಂಬಿದ ಗಾಳಿ ಹಿಗ್ಗುತ್ತದೆ, ಪ್ಲಾಸ್ಟಿಕ್ಕಿನ ಚೂರುಗಳನ್ನು ಗುಂಡಿನಂತೆ ಎಸೆಯುತ್ತದೆ. ಪರೀಕ್ಷೆಯಾದ, ಸೇಫ್ಟಿ ವಾಲ್ವ್ ಇರುವ ಟ್ಯಾಂಕನ್ನೇ ಕೊಳ್ಳಬೇಕು, ಇದರಲ್ಲಿ ಉಳಿತಾಯದ ಮಾತು ಬೇಡ.

"ಕೊಳ್ಳೋಕೆ ಮುಂಚೆ ಇಲ್ಲೇ ನೋಡ್ಕೊಳಪ್ಪ" ಎಂದು ಅಂಗಡಿಯವರು ತಮ್ಮ ದೊಡ್ಡ ಟ್ಯಾಂಕಿನ ಕೊಳವೆ ಕೊಟ್ಟರು. ಹುಡುಗ ತನ್ನ ರೆಗ್ಯುಲೇಟರ್, ಫಿಲ್ಟರ್ ಸಿಕ್ಕಿಸಿ ಒತ್ತಡವನ್ನು 20 ಪೌಂಡಿಗೆ ಇಳಿಸಿದ. ಅದೇ ಕೈ, ಅದೇ ಬ್ರಷ್, ಅದೇ ಬಣ್ಣ. ಗೆರೆ ಕೂದಲೆಳೆಯಂತೆ ಬಂತು. ತಂದೆ ಕಾಗದವನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು.

ಆಮೇಲೆ ಕೊಂಡದ್ದು ಮೂರು ಲೀಟರಿನ ಟ್ಯಾಂಕ್. ಇದೇನೂ ದೊಡ್ಡ ಕಣಜವಲ್ಲ. ಒತ್ತಡ 4 ಬಾರಿನಿಂದ 3ಕ್ಕೆ ಇಳಿಯುವಾಗ ಅದು ಕೊಡುವುದು ಹೊರಗಿನ ಅಳತೆಯಲ್ಲಿ ಮೂರೇ ಲೀಟರ್ ಗಾಳಿ. ಬ್ರಷ್ ನಿಮಿಷಕ್ಕೆ ಹತ್ತು ಲೀಟರ್ ಬಳಸಿದರೆ ಹದಿನೆಂಟು ಸೆಕೆಂಡಿನ ಸರಕು. ಬಾಯ್ಲ್ 1662ರಲ್ಲಿ ಹೇಳಿದ ನಿಯಮ ಓದಿದ ಮಕ್ಕಳು ಈ ಲೆಕ್ಕ ತಾವೇ ಮಾಡಬಹುದು. ಕಂಪ್ರೆಸರ್ ತೀರ ಸಣ್ಣದಾಗಿದ್ದರೆ ಟ್ಯಾಂಕ್ ಅದನ್ನು ದೊಡ್ಡದು ಮಾಡುವುದಿಲ್ಲ. ಆದರೆ ಪಿಸ್ಟನ್ನಿನ ಗುದ್ದುಗಳನ್ನು ನುಂಗಲು ಮೂರು ಲೀಟರ್ ಧಾರಾಳ. ಜೊತೆಗೆ ಬಿಸಿ ಗಾಳಿ ಟ್ಯಾಂಕಿನಲ್ಲಿ ತಣ್ಣಗಾಗಿ ಅದರ ತೇವ ತಳದಲ್ಲೇ ನೀರಾಗಿ ನಿಲ್ಲುತ್ತದೆ, ಬಣ್ಣದೊಳಗೆ ಹನಿಯುವುದು ತಪ್ಪುತ್ತದೆ. ಕೆಲಸ ಮುಗಿದ ಮೇಲೆ ತಳದ ತಿರುಪು ಸಡಿಲಿಸಿ ಆ ನೀರನ್ನು ಬಿಡಬೇಕು, ಇಲ್ಲದಿದ್ದರೆ ಟ್ಯಾಂಕ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಹೊಸ ಟ್ಯಾಂಕ್ ಜೋಡಿಸಿದ ಸಂಜೆ ಒತ್ತಡ 4 ಬಾರ್ ಮುಟ್ಟುತ್ತಲೇ ಸ್ವಿಚ್ ತಾನಾಗಿ ಮೋಟಾರು ನಿಲ್ಲಿಸಿತು. ಮನೆಯೆಲ್ಲ ನಿಶ್ಶಬ್ದ. ಒಳಗಿನಿಂದ ತಂದೆಯ ದನಿ: "ಯಾಕೋ, ಕರೆಂಟ್ ಹೋಯ್ತಾ?"

"ಇಲ್ಲಪ್ಪ, ಗಾಳಿ ಇದೆ" ಎಂದ ಹುಡುಗ, ಅಂಚು ಎಳೆಯುತ್ತಲೇ.